ಕಷ್ಟಕಾಲದಲ್ಲಿ ತತ್ತ್ವಗ್ರಂಥಗಳ ವ್ಯಾಸಂಗ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಸೇರಿದಾಗ ಮಕ್ಕಳ ವಿದ್ಯಾಭ್ಯಾಸದ ಮಾತು ಬಾರದೆ ಇರುವುದಿಲ್ಲ. ಅಂಥ ಮಾತಿನ ನಡುವೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ನನ್ನ ಕಿವಿಗೆ ಬಿದ್ದಿವೆ. "ತತ್ತ್ವಶಾಸ್ತ್ರವನ್ನು ಓದಿದರೆ ಹೆಣ್ಣುಮಗಳಿಗೆ ಏನು ಪ್ರಯೋಜನ? ಅದು ಹೊಟ್ಟೆಗೆ ಹಿಟ್ಟಾದೀತೆ?" ಎಂಬುದು ತಾಯಿತಂದೆಗಳ ಪ್ರಶ್ನೆ. "ಸತ್ಯವೇದವು ಕೈಯಲ್ಲಿರುವಾಗ ಗ್ರೀಕರ, ರೋಮನರ ತತ್ತ್ವಗಳನ್ನು ಏಕೆ ಹುಡುಕಿಕೊಂಡು ಹೋಗಬೇಕು?" ಎಂಬುದು ಭಕ್ತರಾದ ಹಿರಿಯರ ಪ್ರಶ್ನೆ. ಎರಡೂ ಪ್ರಾಮಾಣಿಕವಾದ ಪ್ರಶ್ನೆಗಳೇ ಸರಿ. ಅವುಗಳನ್ನು ನಕ್ಕು ತಳ್ಳಿಹಾಕತಕ್ಕದ್ದಲ್ಲ. ಆದುದರಿಂದ ಈ ಸ್ಮರಣಸಂಚಿಕೆಯಲ್ಲಿ ನನಗೆ ದೊರೆತಿರುವ ಕೆಲವು ಪುಟಗಳನ್ನು ಅವುಗಳ ಉತ್ತರಕ್ಕಾಗಿಯೇ ಉಪಯೋಗಿಸಿಕೊಳ್ಳುತ್ತೇನೆ. ನಾನು ಪಂಡಿತಳಲ್ಲ. ಕಷ್ಟ ಬಂದಾಗ ಒಂದು ಹಳೆಯ ಪುಸ್ತಕವನ್ನು ಓದಿ ಚೇತರಿಸಿಕೊಂಡವಳು; ಅಷ್ಟೇ ನನಗಿರುವ ಅಧಿಕಾರ.

2021ರ ಮೇ ತಿಂಗಳಲ್ಲಿ, ಕೊರೋನ ವ್ಯಾಧಿಯ ಎರಡನೆಯ ಹಾವಳಿಯ ಕಾಲದಲ್ಲಿ, ನನ್ನ ಅಕ್ಕ ತೀರಿಕೊಂಡಳು. ಅವಳೂ ಈ ಶಾಲೆಯ ವಿದ್ಯಾರ್ಥಿನಿಯೇ. ಸಮಾಧಿಯ ಬಳಿಯಲ್ಲಿ ಸಭಾಪಾಲಕರೊಬ್ಬರೂ ನಾವು ನಾಲ್ವರೂ ಮಾತ್ರ ನಿಂತಿದ್ದೆವು. ಆಮೇಲೆ ಎಷ್ಟೋ ದಿನ ಮನೆಯ ಬಾಗಿಲು ಮುಚ್ಚಿಯೇ ಇದ್ದಿತು. ಬಂಧುಗಳು ದೂರವಾಣಿಯಲ್ಲಿ ಸಮಾಧಾನದ ಮಾತುಗಳನ್ನು ಹೇಳುತ್ತಿದ್ದರು. ಅವರ ಪ್ರೀತಿಯಲ್ಲಿ ನನಗೆ ಸಂಶಯವಿರಲಿಲ್ಲ. ಆದರೂ ಮಾತುಗಳು ಹೃದಯವನ್ನು ಮುಟ್ಟುತ್ತಿರಲಿಲ್ಲ. ಯೋಬನ ಸ್ನೇಹಿತರು ಮೊದಲ ಏಳು ದಿನ ಏನೊಂದೂ ಆಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರಲ್ಲವೆ? ಅವರು ಮಾಡಿದ ದೊಡ್ಡ ಉಪಕಾರ ಅದೇ ಎಂದು ನನಗೆ ಆಗ ತಿಳಿಯಿತು. ಪ್ರಾರ್ಥನೆಗೆ ಕುಳಿತರೆ ಬಾಯಿ ಕಟ್ಟುತ್ತಿದ್ದಿತು. ಹೀಗಿರುವಾಗ ಒಂದು ಸಂಜೆ ಅಕ್ಕನ ಪುಸ್ತಕಗಳನ್ನು ಒರೆಸಿ ಇಡುತ್ತಿದ್ದಾಗ ಅವಳು ಕಾಲೇಜಿನಲ್ಲಿ ಓದಿದ ಒಂದು ಸಣ್ಣ ಗ್ರಂಥವು ಕೈಗೆ ಬಂದಿತು. ಅದು ಬೊಯೀಥಿಯಸ್ ಎಂಬ ರೋಮನನು ಲ್ಯಾಟಿನ್ ಭಾಷೆಯಲ್ಲಿ ಬರೆದ, ತತ್ತ್ವಶಾಸ್ತ್ರವು ನೀಡುವ ಸಾಂತ್ವನವೆಂಬ ಅರ್ಥದ ಹೆಸರುಳ್ಳ ಗ್ರಂಥದ ಇಂಗ್ಲಿಷ್ ಅನುವಾದ. ಅಂಚಿನಲ್ಲೆಲ್ಲ ಅಕ್ಕನ ಸೀಸದ ಕಡ್ಡಿಯ ಗುರುತುಗಳಿದ್ದುವು. ಆ ಗುರುತುಗಳಿಗಾಗಿ ಓದತೊಡಗಿದೆ; ಕೆಲವು ಪುಟಗಳಾದ ಮೇಲೆ ಗ್ರಂಥಕ್ಕಾಗಿಯೇ ಓದಿದೆ.

ಈ ಬೊಯೀಥಿಯಸನ ಕಥೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಅವನು ಸುಮಾರು 480ರಲ್ಲಿ ರೋಮಿನ ಒಂದು ದೊಡ್ಡ ಮನೆತನದಲ್ಲಿ ಹುಟ್ಟಿದನು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಸಿಮ್ಮಾಕಸ್ ಎಂಬ ಸಜ್ಜನನು ಅವನನ್ನು ಸಾಕಿ, ವಿದ್ಯೆ ಕಲಿಸಿ, ತನ್ನ ಮಗಳಾದ ರುಸ್ಟಿಸಿಯಾನಳನ್ನು ಕೊಟ್ಟು ವಿವಾಹಮಾಡಿದನು. ಆ ಕಾಲದಲ್ಲಿ ಇಟಲಿಯನ್ನು ಗಾಥ್ ಜನಾಂಗದ ದೊರೆಯಾದ ಥಿಯೊಡೊರಿಕನು ಆಳುತ್ತಿದ್ದನು. ಬೊಯೀಥಿಯಸನು 510ರಲ್ಲಿ ಕಾನ್ಸಲ್ ಪದವಿಯನ್ನು ಪಡೆದನು. 522ರಲ್ಲಿ ಅವನ ಇಬ್ಬರು ಗಂಡುಮಕ್ಕಳೂ ಒಟ್ಟಿಗೇ ಕಾನ್ಸಲರಾದರು. ತಾನೂ ದೊರೆಯ ಆಸ್ಥಾನದಲ್ಲಿ ಉನ್ನತಾಧಿಕಾರಿಯಾದನು. ಪ್ಲೇಟೋ ಮತ್ತು ಅರಿಸ್ಟಾಟಲರ ಗ್ರಂಥಗಳನ್ನೆಲ್ಲ ಲ್ಯಾಟಿನ್ ಭಾಷೆಗೆ ತರಬೇಕೆಂಬುದು ಅವನ ಹಂಬಲವಾಗಿದ್ದಿತು. ಆದರೆ ಆಲ್ಬಿನಸ್ ಎಂಬ ಸೆನೆಟರನ ಮೇಲೆ ರಾಜದ್ರೋಹದ ಆರೋಪ ಬಂದಾಗ ಅವನ ಪರವಾಗಿ ಮಾತನಾಡಿದುದರಿಂದ ಇವನೂ ದ್ರೋಹಿಯೆನಿಸಿಕೊಂಡು ಇಟಲಿಯ ಉತ್ತರದಲ್ಲಿರುವ ಪಾವಿಯಾದಲ್ಲಿ ಸೆರೆಯಾದನು. ಪದವಿ, ಸ್ವತ್ತು, ಗ್ರಂಥಾಲಯ, ಸ್ನೇಹಿತರು ಎಲ್ಲವೂ ಹೋದುವು. ಸುಮಾರು 524ರಲ್ಲಿ ಅವನಿಗೆ ಮರಣದಂಡನೆಯಾಯಿತು. ಈ ನಡುವಣ ತಿಂಗಳುಗಳಲ್ಲಿ ಅವನು ಬರೆದುದೇ ನಾನು ಹೇಳಿದ ಗ್ರಂಥ.

ಅದು ಐದು ಭಾಗಗಳುಳ್ಳದ್ದು. ಗದ್ಯವೂ ಪದ್ಯವೂ ಒಂದಾದ ಮೇಲೊಂದು ಬರುತ್ತವೆ. ಮೊದಲಲ್ಲಿ ಸೆರೆಯಾಳು ಅಳುತ್ತ ಶೋಕದ ಪದ್ಯಗಳನ್ನು ಬರೆಯುತ್ತಿರುತ್ತಾನೆ. ಆಗ ಅವನ ತಲೆದೆಸೆಯಲ್ಲಿ ಒಬ್ಬ ಸ್ತ್ರೀಯು ಕಾಣಿಸಿಕೊಳ್ಳುತ್ತಾಳೆ. ಅವಳೇ ತತ್ತ್ವವಿದ್ಯೆ. ಅವಳು ಒಮ್ಮೆ ನಮ್ಮಷ್ಟೇ ಎತ್ತರ. ಒಮ್ಮೆ ಅವಳ ತಲೆ ಆಕಾಶವನ್ನು ಮುಟ್ಟುವಂತೆ ತೋರುತ್ತದೆ. ತಾನೇ ನೇಯ್ದ ವಸ್ತ್ರವನ್ನು ಉಟ್ಟಿದ್ದಾಳೆ. ಆದರೆ ಒರಟು ಕೈಗಳು ಅದನ್ನು ಅಲ್ಲಲ್ಲಿ ಹರಿದು ಚೂರುಗಳನ್ನು ಕೊಂಡೊಯ್ದಿವೆ. ಅವಳು ಮೊದಲು ಮಾಡುವ ಕೆಲಸವು ಅಳುವನ್ನು ಬೆಳೆಸುತ್ತಿದ್ದ ಕಾವ್ಯದೇವತೆಯರನ್ನು ಅಲ್ಲಿಂದ ಅಟ್ಟುವುದು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕುಳಿತು, ತನ್ನ ಉಡುಗೆಯ ಮಡಿಕೆಯಿಂದ ಅವನ ಕಣ್ಣುಗಳನ್ನು ಒರೆಸುತ್ತಾಳೆ. ಬಳಿಕ ವೈದ್ಯನು ರೋಗಿಯನ್ನು ಕೇಳುವಂತೆ ಪ್ರಶ್ನೆಗಳನ್ನು ಕೇಳತೊಡಗುತ್ತಾಳೆ. ಈ ಲೋಕವು ಕುರುಡಾಗಿ ನಡೆಯುತ್ತಿರುವುದೋ, ಇದಕ್ಕೆ ನಡೆಸುವವನೊಬ್ಬನು ಇರುವನೋ? ಎಲ್ಲಕ್ಕೂ ಗುರಿ ಯಾವುದು? ತಾನು ಯಾರೆಂಬುದು ಸೆರೆಯಾಳಿಗೆ ನೆನಪಿದೆಯೆ? ಕೊನೆಯ ಪ್ರಶ್ನೆಗೆ ಅವನು ಸರಿಯಾದ ಉತ್ತರವನ್ನು ಹೇಳಲಾರನು. ಆಗ ಅವಳು, ರೋಗದ ಬೇರು ಸಿಕ್ಕಿತು, ತನ್ನ ಸ್ವರೂಪವನ್ನು ಮರೆತದ್ದೇ ಅವನ ಕಾಯಿಲೆ ಎಂದು ತಿಳಿಸುತ್ತಾಳೆ. ಈ ಸ್ಥಳದಲ್ಲಿ ನನ್ನ ಅಕ್ಕ ಎರಡು ಗೆರೆಗಳನ್ನು ಎಳೆದಿದ್ದಳು.

ಆ ಗೆರೆಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಅಲ್ಲಿಯವರೆಗೆ ಎಲ್ಲರೂ ನನಗೆ ಉತ್ತರಗಳನ್ನು ಕೊಡುತ್ತಿದ್ದರು; ಈ ಹಳೆಯ ಪುಸ್ತಕವೊಂದೇ ನನ್ನನ್ನು ಪ್ರಶ್ನೆ ಕೇಳಿತು. ಸಮಾಧಾನ ಹೇಳುವವರ ಎದುರಿನಲ್ಲಿ ನಾವು ಸುಮ್ಮನೆ ತಲೆತಗ್ಗಿಸಿ ಕುಳಿತಿರುತ್ತೇವೆ. ಪ್ರಶ್ನೆ ಕೇಳಿದವರಿಗಾದರೋ ಉತ್ತರವನ್ನು ಹುಡುಕಲೇಬೇಕಾಗುತ್ತದೆ. ಹೀಗೆ ಮಲಗಿದ್ದ ಮನಸ್ಸು ಎದ್ದು ಕುಳಿತುಕೊಳ್ಳುತ್ತದೆ. ಕಷ್ಟಕಾಲದಲ್ಲಿ ತತ್ತ್ವಗ್ರಂಥವು ಮಾಡುವ ಮೊದಲನೆಯ ಉಪಕಾರ ಇದೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಭಾಗದಲ್ಲಿ ಭಾಗ್ಯದೇವತೆಯ ವಾದವಿದೆ. ತನ್ನ ಚಕ್ರವು ಸದಾ ತಿರುಗುತ್ತಿರುವುದು, ಏರಿದವನು ಇಳಿಯಲೇಬೇಕು, ಕೊಟ್ಟುದೆಲ್ಲವೂ ಎರವಲು, ಹಿಂದಕ್ಕೆ ತೆಗೆದುಕೊಂಡರೆ ಅನ್ಯಾಯವೇನು ಎಂಬುದು ಅವಳ ವಾದದ ಸಾರ. ಇದನ್ನು ಓದಿದಾಗ ನನಗೆ ಕೋಪವೇ ಬಂದಿತು. ಅಕ್ಕನು ನನಗೆ ಎರವಲಾಗಿ ಬಂದಿದ್ದ ಪಾತ್ರೆಯೆ? ಅಂಚಿನಲ್ಲಿ ಅವಳ ಗುರುತಿನ ಕೆಳಗೆ ನನ್ನ ಆಕ್ಷೇಪವನ್ನು ಬರೆದಿಟ್ಟೆ. ಮರುದಿನ ಮತ್ತೆ ಓದಿದಾಗ ಅದೇ ಮಾತು ಬೇರೊಂದು ರೀತಿಯಲ್ಲಿ ಕಂಡಿತು. ಕಳೆದುಕೊಂಡುದನ್ನು ಮಾತ್ರ ಎಣಿಸುತ್ತಿದ್ದ ನಾನು, ಪಡೆದಿದ್ದುದನ್ನು ಎಣಿಸಿಯೇ ಇರಲಿಲ್ಲ. ಐವತ್ತಕ್ಕೂ ಮಿಕ್ಕ ವರ್ಷಗಳ ಒಡನಾಟವನ್ನು ನಾನು ಯಾವ ಯೋಗ್ಯತೆಯಿಂದಲೂ ಸಂಪಾದಿಸಿದ್ದಲ್ಲ. ಅದು ಬಂದಿತು, ಇದ್ದಿತು. ಸೆರೆಯಾಳಿಗೆ ತತ್ತ್ವವಿದ್ಯೆಯು ಅವನ ಹೆಂಡತಿಯನ್ನೂ ಮಾವನನ್ನೂ ಮಕ್ಕಳನ್ನೂ ನೆನಪಿಗೆ ತರುವುದು ಇದೇ ಉದ್ದೇಶದಿಂದ. ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಮಾತ್ರ ನೋಡತಕ್ಕದ್ದಲ್ಲವೆಂದು ಅವಳು ಕಲಿಸುತ್ತಾಳೆ. ದುಃಖವು ಇದರಿಂದ ಹೋಯಿತೆಂದು ನಾನು ಹೇಳುವುದಿಲ್ಲ. ಅದು ಕೃತಜ್ಞತೆಯ ಪಕ್ಕದಲ್ಲಿ ಕುಳಿತುಕೊಳ್ಳುವುದನ್ನು ಕಲಿತಿತು.

ಹೀಗೆಂದಮಾತ್ರಕ್ಕೆ ಈ ಪ್ರಾಚೀನರು ಹೇಳಿದುದೆಲ್ಲವೂ ನಮಗೆ ಒಪ್ಪಿಗೆಯಾಗಬೇಕೆಂದಲ್ಲ. ಎಪಿಕ್ಟೀಟಸ್ ಎಂಬ ಸ್ತೋಯಿಕ ಗುರುವನ್ನು ನಾನು ಆಮೇಲೆ ಓದಿದೆ. ಅವನು ದಾಸನಾಗಿ ಹುಟ್ಟಿದವನು, ಕುಂಟನು. ಬಿಡುಗಡೆಯಾದ ಮೇಲೆ ರೋಮಿನಲ್ಲಿ ಬೋಧಿಸುತ್ತಿದ್ದು, ಡೊಮೀಷಿಯನ್ ಚಕ್ರವರ್ತಿಯು ತತ್ತ್ವಜ್ಞರನ್ನು ಹೊರಗಟ್ಟಿದಾಗ ಗ್ರೀಸಿನ ನಿಕೊಪೊಲಿಸಿಗೆ ಹೋಗಿ ಶಾಲೆಯನ್ನಿಟ್ಟವನು. ನಮ್ಮ ಅಧೀನದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಬೇರ್ಪಡಿಸುವುದೇ ಅವನ ಬೋಧೆಯ ತಳಹದಿ. ರೋಗ, ಮರಣ, ಪರರ ಮಾತು ಇವು ನಮ್ಮ ಅಧೀನವಲ್ಲ. ಅವುಗಳ ವಿಷಯದಲ್ಲಿ ನಾವು ತಾಳುವ ಭಾವ, ಮಾಡುವ ನಿಶ್ಚಯ ಇವು ನಮ್ಮವು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದವರೆಲ್ಲರಿಗೂ ಈ ಭೇದವನ್ನು ತಿಳಿದಿರುವುದು ಎಷ್ಟು ಬೆಲೆಯುಳ್ಳದ್ದೆಂಬುದು ಗೊತ್ತು. ಆದರೆ ಮಗುವನ್ನು ಮುದ್ದಿಸುವಾಗಲೇ ಅದು ಮರ್ತ್ಯವೆಂದು ನೆನೆದುಕೊಳ್ಳಬೇಕು, ಹಾಗೆ ಮಾಡಿದರೆ ಸತ್ತಾಗ ಕಲಕುವುದಿಲ್ಲ ಎಂದು ಅವನು ಬೋಧಿಸುವಾಗ ನಾನು ಪುಸ್ತಕವನ್ನು ಮುಚ್ಚಿದೆ. ಲಾಜರನ ಸಮಾಧಿಯ ಬಳಿಯಲ್ಲಿ ನಮ್ಮ ಕರ್ತನು ಕಣ್ಣೀರು ಸುರಿಸಿದನಷ್ಟೆ. ಅಳದಿರುವುದೇ ಜ್ಞಾನವಾಗಿದ್ದಲ್ಲಿ ಆತನು ಅಳುತ್ತಿರಲಿಲ್ಲ. ಒಳ್ಳೆಯ ಗ್ರಂಥದೊಡನೆ ಜಗಳವಾಡುವುದೂ ಓದಿನ ಒಂದು ಭಾಗ; ಅದರಿಂದ ನಮ್ಮ ನಂಬಿಕೆ ಯಾವುದೆಂಬುದು ನಮಗೇ ಸ್ಪಷ್ಟವಾಗುತ್ತದೆ.

ಇನ್ನು ಹಿರಿಯರ ಪ್ರಶ್ನೆಗೆ ಬರುತ್ತೇನೆ. ಸತ್ಯವೇದವಿರುವಾಗ ಇವರೆಲ್ಲ ಏಕೆ? ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ತೆರೆದು ನೋಡಿದರೆ ಪೌಲನು ಅಥೇನೆಯಲ್ಲಿ ಎಪಿಕೂರಿಯರೊಡನೆಯೂ ಸ್ತೋಯಿಕರೊಡನೆಯೂ ಚರ್ಚಿಸಿದುದನ್ನು ಕಾಣುತ್ತೇವೆ. ಅವನು ಅವರ ಕವಿಗಳನ್ನು ಓದಿದ್ದನು. ಅವರ ಮಾತಿನಿಂದಲೇ ತನ್ನ ಮಾತನ್ನು ಎತ್ತಿಕೊಂಡನು. ಮುಂದಿನ ಅಧ್ಯಾಯದಲ್ಲಿ ಕೊರಿಂಥದಲ್ಲಿ ಅವನ ಮೇಲಿನ ದೂರನ್ನು ತಳ್ಳಿಹಾಕಿದ ಗಲ್ಲಿಯೋನನೆಂಬ ಅಧಿಪತಿಯು ಬರುತ್ತಾನೆ. ಈ ಗಲ್ಲಿಯೋನನು ಸ್ತೋಯಿಕ ತತ್ತ್ವಜ್ಞನಾದ ಸೆನೆಕನ ಅಣ್ಣನೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಸುವಾರ್ತೆಯೂ ಈ ತತ್ತ್ವಗಳೂ ಒಂದೇ ಕಾಲದಲ್ಲಿ, ಒಂದೇ ಬೀದಿಗಳಲ್ಲಿ ನಡೆದಾಡಿದುವು. ಬೊಯೀಥಿಯಸನಾದರೋ ಕ್ರೈಸ್ತನೇ, ತ್ರಯೈಕ್ಯವನ್ನು ಕುರಿತು ಪ್ರಬಂಧವನ್ನೇ ಬರೆದವನು. ಆದರೂ ಮರಣದ ಮುಂದೆ ಬರೆದ ಗ್ರಂಥದಲ್ಲಿ ಅವನು ಯೇಸು ಸ್ವಾಮಿಯ ನಾಮವನ್ನು ಎತ್ತುವುದಿಲ್ಲ. ಇದು ಏಕೆಂದು ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ನನಗೆ ತೋರುವುದು ಇಷ್ಟು: ದೇವರು ಕೊಟ್ಟ ಬುದ್ಧಿಯೆಂಬ ದೀಪವನ್ನು ಹಿಡಿದು ಎಷ್ಟು ದೂರ ನಡೆಯಬಹುದೋ ಅಷ್ಟು ದೂರವನ್ನು ಅವನು ನಡೆದು ನೋಡಿದನು, ಆ ದಾರಿಯು ಅವನನ್ನು ದೇವರ ಬಾಗಿಲಿಗೆ ತಂದು ನಿಲ್ಲಿಸಿತು. ಅವನ ಗ್ರಂಥದ ಕೊನೆಯಲ್ಲಿ ಪ್ರಾರ್ಥನೆಯು ವ್ಯರ್ಥವಲ್ಲವೆಂಬ ಮಾತಿಗೆ ಬಂದು ಮುಟ್ಟುತ್ತೇವೆ. ಆ ಪುಸ್ತಕವನ್ನು ಮುಗಿಸಿದ ವಾರದಲ್ಲಿ ನನಗೂ ಕೀರ್ತನೆಗಳನ್ನು ಓದುವುದು ಮತ್ತೆ ಸಾಧ್ಯವಾಯಿತು. ತತ್ತ್ವವು ವೇದದ ಸ್ಥಾನವನ್ನು ಕಿತ್ತುಕೊಳ್ಳಲಿಲ್ಲ. ಅದರ ಬಳಿಗೆ ಕೈಹಿಡಿದು ಕರೆದುಕೊಂಡು ಹೋಯಿತು.

ತಾಯಿತಂದೆಗಳ ಪ್ರಶ್ನೆಗೆ ಉತ್ತರವನ್ನು ಅದೇ ಸೆನೆಕನ ಮನೆಯಿಂದ ಕೊಡಬಹುದು. 41ರಲ್ಲಿ ಸೆನೆಕನು ಕಾರ್ಸಿಕ ದ್ವೀಪಕ್ಕೆ ಗಡಿಪಾರಾದನು. ಎಂಟು ವರ್ಷ ಅಲ್ಲಿದ್ದನು. ಅಲ್ಲಿಂದ ತನ್ನ ತಾಯಿ ಹೆಲ್ವಿಯಳಿಗೆ ಒಂದು ಸಾಂತ್ವನ ಪತ್ರವನ್ನು ಬರೆದನು. ಹಳೆಯ ಕಾಲದ ನಡೆವಳಿಕೆಯನ್ನು ಹಿಡಿದ ತಂದೆಯು ತಾಯಿಗೆ ತತ್ತ್ವಶಾಸ್ತ್ರವನ್ನು ಆಳವಾಗಿ ಕಲಿಯಲು ಬಿಡಲಿಲ್ಲವಲ್ಲ ಎಂದು ಅದರಲ್ಲಿ ಅವನು ಮರುಗುತ್ತಾನೆ. ಕಲಿತಿದ್ದ ಸ್ವಲ್ಪವನ್ನೇ ಆಧಾರಮಾಡಿಕೊಂಡು ಈಗಲಾದರೂ ಆ ವ್ಯಾಸಂಗಕ್ಕೆ ಹಿಂದಿರುಗಬೇಕು, ದುಃಖಕ್ಕೆ ನಿಜವಾದ ಮದ್ದು ಅಲ್ಲಿದೆ ಎಂದು ಬೇಡಿಕೊಳ್ಳುತ್ತಾನೆ. ಇಲ್ಲಿ ನಾವು ಗಮನಿಸತಕ್ಕ ವಿಷಯವೊಂದುಂಟು. ಮಗನು ಗಡಿಪಾರಾದ ಮೇಲೆ ತಾಯಿಗೆ ವಿದ್ಯೆ ಬೇಕಾಯಿತು. ಆದರೆ ಅದನ್ನು ಕಲಿಯತಕ್ಕ ವಯಸ್ಸಿನಲ್ಲಿ ಅವಳನ್ನು ತಡೆದಿದ್ದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತು. ಹೆಣ್ಣುಮಗಳಿಗೆ ತತ್ತ್ವವು ಏತಕ್ಕೆ ಎನ್ನುವವರು ಅವಳಿಗೆ ದುಃಖವು ಬಾರದೆಂದು ಬರೆದುಕೊಡಬಲ್ಲರೆ?

ಎಪಿಕ್ಟೀಟಸನ ಗುರುವಾದ ಮುಸೋನಿಯಸ್ ರೂಫಸನು ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಎತ್ತಿಕೊಂಡು ಉತ್ತರವನ್ನು ಹೇಳಿದ್ದಾನೆ. ಸ್ತ್ರೀಯರಿಗೂ ಪುರುಷರಿಗೂ ವಿವೇಕವು ಒಂದೇ. ಕುದುರೆ ನಾಯಿಗಳನ್ನು ಪಳಗಿಸುವವರೂ ಗಂಡು ಹೆಣ್ಣೆಂದು ಭೇದಮಾಡುವುದಿಲ್ಲ. ಹೀಗಿರುವಾಗ ಹೆಣ್ಣುಮಕ್ಕಳಿಗೆ ಗುಣಶಿಕ್ಷಣದಲ್ಲಿ ಭೇದವೇಕೆ ಎಂಬುದು ಅವನ ವಾದ. ಓದಿದವಳು ಮನೆಗೆಲಸವನ್ನು ಬಿಟ್ಟು ವಾದಕ್ಕೆ ನಿಲ್ಲುವಳೆಂಬ ಆಕ್ಷೇಪವನ್ನೂ ಅವನು ಕೇಳಿದ್ದನು. ತನ್ನ ಕರ್ತವ್ಯವನ್ನು ಬಿಡಿಸುವ ಓದು ಗಂಡಸಿಗೂ ತಕ್ಕುದಲ್ಲ ಎಂದು ಅವನು ನ್ಯಾಯವಾಗಿ ಉತ್ತರಕೊಟ್ಟನು.

ಇದಕ್ಕೆ ನಿದರ್ಶನವಾಗಿ ಎಲಿಜಬೆತ್ ಕಾರ್ಟರಳನ್ನು ನಮ್ಮ ಬಾಲಿಕೆಯರ ಮುಂದೆ ನಿಲ್ಲಿಸಲು ಇಚ್ಛಿಸುತ್ತೇನೆ. ಅವಳು 1717ರಲ್ಲಿ ಇಂಗ್ಲೆಂಡಿನ ಡೀಲ್ ಎಂಬ ಕಡಲತೀರದ ಊರಿನಲ್ಲಿ ಒಬ್ಬ ಪಾದ್ರಿಯ ಮಗಳಾಗಿ ಹುಟ್ಟಿದಳು. ಚಿಕ್ಕಂದಿನಲ್ಲಿ ಅವಳ ಬುದ್ಧಿ ಎಷ್ಟು ಮಂದವಾಗಿ ತೋರಿತೆಂದರೆ, ಪ್ರಾಚೀನ ಭಾಷೆಗಳನ್ನು ಕಲಿಯುವ ಆಸೆಯನ್ನು ಬಿಡುವಂತೆ ತಂದೆಯೇ ಹೇಳಿದ್ದನು. ಅವಳು ಬಿಡಲಿಲ್ಲ, ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತಳು. ತಮ್ಮನಿಗೆ ಪಾಠ ಹೇಳುತ್ತ, ಮನೆಯವರ ಅಂಗಿಗಳನ್ನು ಹೊಲಿಯುತ್ತ, ತಲೆನೋವಿನಿಂದ ನರಳುತ್ತ ಎಪಿಕ್ಟೀಟಸನ ಗ್ರಂಥಗಳನ್ನೆಲ್ಲ ಗ್ರೀಕಿನಿಂದ ಇಂಗ್ಲಿಷಿಗೆ ಭಾಷಾಂತರಿಸಿದಳು. ಗೆಳತಿಯಾದ ಕ್ಯಾಥರಿನ್ ಟಾಲ್ಬಟಳು ಬೇಡಿಕೊಂಡುದೇ ಈ ಕೆಲಸಕ್ಕೆ ಮೂಲ. 1758ರಲ್ಲಿ ಗ್ರಂಥವು ಅಚ್ಚಾಯಿತು. ಸ್ತೋಯಿಕರು ಎಲ್ಲಿ ಕ್ರೈಸ್ತಮತಕ್ಕೆ ಹತ್ತಿರ, ಎಲ್ಲಿ ದೂರ ಎಂಬುದನ್ನು ಪೀಠಿಕೆಯಲ್ಲಿಯೂ ಟಿಪ್ಪಣಿಗಳಲ್ಲಿಯೂ ಅವಳು ತೋರಿಸಿಕೊಟ್ಟಳು. ಪಾದ್ರಿಯ ಮಗಳೊಬ್ಬಳು ದಾಸನಾಗಿದ್ದ ತತ್ತ್ವಜ್ಞನನ್ನು ತನ್ನ ನಾಡಿಗೆ ಪರಿಚಯಮಾಡಿಸಿದಳು. ಅವಳ ಭಕ್ತಿಗೆ ಊನವೂ ಬರಲಿಲ್ಲ, ಅಂಗಿಗಳೂ ಹೊಲಿಯದೆ ಉಳಿಯಲಿಲ್ಲ. ಮಾಡಿದ ಕೆಲಸವು ಹೊಟ್ಟೆಗೆ ಹಿಟ್ಟೂ ಆಯಿತೆಂಬುದನ್ನು ತಾಯಿತಂದೆಗಳು ಗಮನಿಸಬೇಕು. ಆ ಗ್ರಂಥದಿಂದ ಅವಳಿಗೆ ಸುಮಾರು ಸಾವಿರ ಪೌಂಡುಗಳ ಸಂಪಾದನೆಯಾಯಿತು.

ಕೊನೆಯದಾಗಿ ಒಬ್ಬಳ ಮಾತನ್ನು ಹೇಳಬೇಕು. ಬೊಯೀಥಿಯಸನ ಹೆಂಡತಿ ರುಸ್ಟಿಸಿಯಾನಳು ಏನಾದಳು? ಗಂಡನ ಹಿಂದೆಯೇ ಅವಳ ತಂದೆಯಾದ ಸಿಮ್ಮಾಕಸನನ್ನೂ ಕೊಂದರು. ಥಿಯೊಡೊರಿಕನು ಸತ್ತ ಮೇಲೆ ಅವನ ಮಗಳಾದ ಅಮಲಸುಂತೆಯು ಆ ಎರಡು ಮನೆತನಗಳ ಮಕ್ಕಳಿಗೆ ಸ್ವತ್ತನ್ನು ಹಿಂದಿರುಗಿಸಿದಳು. 546ರಲ್ಲಿ ಗಾಥರ ದೊರೆ ಟೊಟಿಲನು ರೋಮನ್ನು ಹಿಡಿದಾಗ ರುಸ್ಟಿಸಿಯಾನಳು ಆ ಪಟ್ಟಣದಲ್ಲಿಯೇ ಇದ್ದಳು. ಅವಳು ತನ್ನ ಐಶ್ವರ್ಯವನ್ನು ಬಡವರಿಗೆ ಸದಾ ಹಂಚುತ್ತಿದ್ದವಳೆಂದೂ, ಈಗ ಹರಕು ಬಟ್ಟೆಯುಟ್ಟು ಮನೆಮನೆಯ ಬಾಗಿಲನ್ನು ತಟ್ಟಿ ವೈರಿಗಳಿಂದ ರೊಟ್ಟಿಯನ್ನು ಬೇಡಬೇಕಾಯಿತೆಂದೂ ಆ ಕಾಲದ ಇತಿಹಾಸಕಾರನಾದ ಪ್ರೊಕೋಪಿಯಸನು ಬರೆದಿದ್ದಾನೆ. ಹಾಗೆ ಬೇಡಲು ಅವಳು ನಾಚಲಿಲ್ಲವೆಂದೂ ಹೇಳುತ್ತಾನೆ. ಥಿಯೊಡೊರಿಕನ ಪ್ರತಿಮೆಗಳನ್ನು ಒಡೆಯಿಸಿದಳೆಂದು ಅವಳನ್ನು ಕೊಲ್ಲಬೇಕೆಂದವರನ್ನು ಟೊಟಿಲನು ತಡೆದನು.

ಗಂಡನು ಸೆರೆಯಲ್ಲಿದ್ದು ಗ್ರಂಥವನ್ನು ಬರೆದನು. ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಕಾಲದಿಂದ ಅದು ಇಂಗ್ಲಿಷರ ಭಾಷೆಗೆ ಬಂದಿತು. 1593ರಲ್ಲಿ ಒಂದನೆಯ ಎಲಿಜಬೆತ್ ರಾಣಿಯೇ ತನ್ನ ಅರುವತ್ತನೆಯ ವರ್ಷದಲ್ಲಿ ಅದನ್ನು ಭಾಷಾಂತರಿಸಿದಳು. ಹೆಂಡತಿಯದೆಂದು ಒಂದು ಸಾಲೂ ನಮಗೆ ಉಳಿದಿಲ್ಲ. ಆದರೆ ಗಂಡನು ಬರೆದುದನ್ನು ಅವಳು ನಡೆದು ತೋರಿಸಿದಳು: ಸಂಪತ್ತು ಇದ್ದಾಗ ಅದಕ್ಕೆ ಅಂಟಿಕೊಳ್ಳಲಿಲ್ಲ, ಹೋದಾಗ ಅದರೊಡನೆ ಕುಸಿಯಲಿಲ್ಲ. ನಮ್ಮ ತಾಯಂದಿರಲ್ಲಿ, ಅಜ್ಜಿಯರಲ್ಲಿ ಎಷ್ಟು ಮಂದಿ ರುಸ್ಟಿಸಿಯಾನಳಂಥವರಿದ್ದರು! ಅವರ ಧೈರ್ಯವನ್ನು ಬಲ್ಲೆವು. ಅವರು ಯೋಚಿಸಿದುದೇನೆಂಬುದನ್ನು ಅರಿಯೆವು. ಏಕೆಂದರೆ ಅವರ ಕೈಗೆ ಪುಸ್ತಕವನ್ನೂ ಲೇಖನಿಯನ್ನೂ ಕೊಟ್ಟವರಿರಲಿಲ್ಲ. ನಮ್ಮ ಕೈಗೆ ಅವೆರಡನ್ನೂ ಇಟ್ಟುದು ಈ ಶಾಲೆ. ಆ ಋಣವನ್ನು ನೆನೆಯುವವರು ಕೊಟ್ಟುದನ್ನು ಉಪಯೋಗಿಸದೆ ಇಡಬಾರದು.

ಆದುದರಿಂದ ನನ್ನ ಸೋದರಿಯರಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ಇಂಥ ಗ್ರಂಥಗಳನ್ನು ಸುಖದ ದಿನಗಳಲ್ಲಿಯೇ ಓದತೊಡಗಿರಿ. ಕಷ್ಟ ಬಂದ ರಾತ್ರಿಯಲ್ಲಿ ಹೊಸ ಪುಸ್ತಕವನ್ನು ಹುಡುಕುವುದು ಕಷ್ಟ, ಹಳೆಯ ಗುರುತಿನ ಪುಟಕ್ಕೆ ಹಿಂದಿರುಗುವುದು ಸುಲಭ. ಎರಡನೆಯದು, ದಿನಕ್ಕೆ ಒಂದೆರಡು ಪುಟಗಳನ್ನು ಮಾತ್ರ ಓದಿರಿ. ಒಪ್ಪಿದುದಕ್ಕೂ ಒಪ್ಪದುದಕ್ಕೂ ಅಂಚಿನಲ್ಲಿ ಗುರುತುಮಾಡಿರಿ. ಮೆಚ್ಚಿದುದನ್ನು ನಿಮ್ಮ ಮಾತಿನ ಕನ್ನಡದಲ್ಲಿ ಬರೆದು ಗೆಳತಿಯೊಬ್ಬಳಿಗೆ ಕಳುಹಿಸಿರಿ. ಎಲಿಜಬೆತ್ ಕಾರ್ಟರಳ ಗ್ರಂಥವು ಹೀಗೆಯೇ ಗೆಳತಿಗೆ ಕಳುಹಿಸಿದ ಹಾಳೆಗಳಿಂದ ಬೆಳೆಯಿತು. ಮೂರನೆಯದು, ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಈ ಗ್ರಂಥಗಳಿಗಾಗಿ ಒಂದು ಅಂಕಣವನ್ನು ಹಳೆಯ ವಿದ್ಯಾರ್ಥಿನಿಯರು ತುಂಬಿಸಿಕೊಡಬೇಕು. ಗ್ರೀಕರೊಡನೆ ಕನ್ನಡದವರೂ ಅಲ್ಲಿ ಕೂಡಲಿ. 1943ರಲ್ಲಿ ಪ್ರಕಟವಾದ ಡಿ. ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗವನ್ನು ದುಃಖದ ದಿನಗಳಲ್ಲಿ ಕೈಗೆತ್ತಿಕೊಳ್ಳುವ ಮನೆಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ.

ಅಕ್ಕನ ಪುಸ್ತಕವನ್ನು ಆ ಅಂಕಣದ ಮೊದಲನೆಯ ಪುಸ್ತಕವಾಗಿ ಕೊಡಬೇಕೆಂದು ನಿಶ್ಚಯಿಸಿದ್ದೇನೆ. ಅದರ ಅಂಚಿನಲ್ಲಿ ಅವಳ ಗುರುತುಗಳೂ ಅವುಗಳ ಕೆಳಗೆ ನನ್ನ ಜಗಳಗಳೂ ಇವೆ. ಇನ್ನೂ ಸ್ಥಳವಿದೆ. ಮುಂದೆ ಯಾವ ಬಾಲಿಕೆಯಾದರೂ ತನ್ನ ಪ್ರಶ್ನೆಯನ್ನು ಅಲ್ಲಿ ಬರೆದರೆ, ಗ್ರಂಥಪಾಲಿಕೆಯವರು ಅವಳನ್ನು ಗದರಿಸಬಾರದೆಂದು ಈಗಲೇ ಬೇಡಿಕೊಳ್ಳುತ್ತೇನೆ.

— ಹಳೆಯ ವಿದ್ಯಾರ್ಥಿನಿಯೊಬ್ಬಳು